ಮೆಡೋಸ್ ಟೇಲರನ ‘ತಾರಾ’: ಬಾತ್ಮೀದಾರನೂ ಹಾಡುವ ಹೆಣ್ಣೂ

ರಾಕ್ ಸಂಗೀತಗಾರನನ್ನು ಸಂದರ್ಶಿಸಲು ಹೋದ ಪತ್ರಕರ್ತೆ ಅವನಿಗೇ ಮನಸೋಲುವ ಪ್ರಣಯ ಕಾದಂಬರಿಗಳು ಇಂದು ಇಂಗ್ಲಿಷಿನಲ್ಲಿ ಹೇರಳವಾಗಿವೆ. ಅವುಗಳಲ್ಲಿ ಒಬ್ಬರದು ದನಿ, ಇನ್ನೊಬ್ಬರದು ಲೇಖನಿ. ಈ ಜೋಡಿಯ ಹಳೆಯ ರೂಪವೊಂದನ್ನು ಅರಸಲು ಯಾದಗಿರಿ, ಶಹಾಪುರ, ಸುರಪುರಗಳ ವಿದ್ಯಾರ್ಥಿಗಳಾದ ನಾವು ದೂರ ಹೋಗಬೇಕಾಗಿಲ್ಲ. ಸುರಪುರದ ಟೇಲರ್ ಮಂಜಿಲನ್ನು ನಾವೆಲ್ಲರೂ ಬಲ್ಲೆವು. ಅದರ ಒಡೆಯನು ಕಾದಂಬರಿಕಾರನೆಂಬುದನ್ನು ಬಲ್ಲವರು ಕಡಿಮೆ.

ಫಿಲಿಪ್ ಮೆಡೋಸ್ ಟೇಲರನು 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, 1824ರಲ್ಲಿ ಹದಿನೈದರ ಹುಡುಗನಾಗಿ ಭಾರತಕ್ಕೆ ಬಂದನು. 1841ರಲ್ಲಿ ಸುರಪುರಕ್ಕೆ ನೇಮಕಗೊಂಡು, ಬಾಲರಾಜ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಆಡಳಿತ ನೋಡಿಕೊಂಡನು. ರಾಜನು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ಇದೇ ಕಾಲದಲ್ಲಿ ಟೇಲರನು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ಬಾತ್ಮೀದಾರನೂ ಆಗಿದ್ದನು.

1860ರಲ್ಲಿ ಭಾರತವನ್ನು ಬಿಟ್ಟ ಈತನು 1863ರಲ್ಲಿ ‘ತಾರಾ’ ಎಂಬ ಕಾದಂಬರಿಯನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದನು. ಕಥೆ ನಡೆಯುವುದು 1657ರ ಸುಮಾರಿಗೆ, ಬಿಜಾಪುರದ ಆದಿಲಶಾಹಿಗೂ ಶಿವಾಜಿಗೂ ಪೈಪೋಟಿ ಬೆಳೆಯುತ್ತಿದ್ದಾಗ. ತುಳಜಾಪುರದ ಶಾಸ್ತ್ರಿಯೊಬ್ಬನ ಮಗಳು ತಾರಾ ಬಾಲವಿಧವೆ. ಆಕೆ ತುಳಜಾ ಭವಾನಿಗೆ ತನ್ನನ್ನು ಅರ್ಪಿಸಿಕೊಂಡು ಮುರಳಿಯಾಗುತ್ತಾಳೆ. ಮುರಳಿಯೆಂದರೆ ದೇವಿಯ ಸನ್ನಿಧಿಯಲ್ಲಿ ಹಾಡಿ ಕುಣಿಯುವ ಹೆಣ್ಣು; ನಮ್ಮ ಸೀಮೆಯ ಜೋಗತಿಯನ್ನು ನೆನೆದರೆ ಅರ್ಥವಾದೀತು. ಅಫಜಲಖಾನನ ಮಗ ಫಾಜಿಲನು ಅವಳನ್ನು ಒಲಿಯುತ್ತಾನೆ. ಕೊನೆಗೆ ಅವಳು ಚಿತೆಯೇರಬೇಕಾದಾಗ ಅವನೇ ಬಂದು ಪಾರುಮಾಡುತ್ತಾನೆ, ಮದುವೆಯೂ ಆಗುತ್ತದೆ. ಹಿಂದೂ ವಿಧವೆಗೂ ಮುಸಲ್ಮಾನ ತರುಣನಿಗೂ ಮದುವೆ ಮಾಡಿಸುವ ಧೈರ್ಯ ಆ ಕಾಲದ ಇಂಗ್ಲಿಷ್ ಲೇಖಕನಿಗೆ ಎಲ್ಲಿಂದ ಬಂತು? ಟೇಲರನ ಹೆಂಡತಿ ಮೇರಿ ಪಾಮರಳ ಅಜ್ಜಿ ಫೈಜ್ ಬಕ್ಷ್ ಬೇಗಂ ಮುಸಲ್ಮಾನ ಮನೆತನದವಳು ಎಂಬುದನ್ನು ಇಲ್ಲಿ ನೆನೆಯಬೇಕು.

ಇಷ್ಟನ್ನು ಮೆಚ್ಚಿಯೂ ಒಂದು ತಕರಾರು ಎತ್ತುತ್ತೇನೆ. ಅದೇ ಗುಡಿಯಲ್ಲಿ ಗಂಗಾ ಎಂಬ ಇನ್ನೊಬ್ಬ ಮುರಳಿ ಇದ್ದಾಳೆ. ಹಾಡು ಅವಳ ಕಸುಬು, ಅವಳ ಅನ್ನ. ಅವಳು ನಂಬಿದ ಗಂಡಸೇ ತಾರಾಳ ಬೆನ್ನು ಹತ್ತಿದಾಗ ಅವಳಿಗೆ ಮತ್ಸರ ಹುಟ್ಟುತ್ತದೆ. ಟೇಲರನ ಕರುಣೆಯ ಹೆಚ್ಚಿನ ಪಾಲು ಶಾಸ್ತ್ರಿಯ ಮಗಳಿಗೆ. ಹಾಡಿ ಬದುಕುವವಳಿಗೆ ಉಳಿದದ್ದು ಖಳನಾಯಿಕೆಯ ನೆರಳು. ಮುರಳಿಯಾದರೂ ಮುರಳಿಯಂತೆ ಬಾಳದ ತಾರಾಳೇ ಅವನಿಗೆ ನಾಯಿಕೆ! ಟೇಲರನಿಗೆ ಸಂಗೀತ ತಿಳಿಯದೆಂದೂ ಹೇಳುವಂತಿಲ್ಲ. ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಗೆ ಬಂದ ಭಾರತೀಯ ವಾದ್ಯಗಳ ವಿವರಪಟ್ಟಿಯನ್ನು 1860ರ ದಶಕದಲ್ಲಿ ಬರೆದವನು ಅವನೇ. ವಾದ್ಯಗಳಿಗೆ ತೋರಿದ ಆದರ ಗಂಗಾಳಿಗೆ ದೊರೆಯಲಿಲ್ಲ.

ಈ ಮಾತು ನನಗೆ ನಾಟಲು ಕಾರಣವುಂಟು. ನಮ್ಮ ಮನೆತನದಲ್ಲಿ ಪದವಿ ತರಗತಿಗೆ ಬಂದವನು ನಾನೇ ಮೊದಲಿಗ. ಅಜ್ಜಿಗೆ ಬೀಸುವ ಪದಗಳು ಬೇಕಾದಷ್ಟು ಬರುತ್ತವೆ; ಸಹಿ ಮಾತ್ರ ಬಾರದು. ಹಾಡುವವರ ಬಗೆಗೆ ಯಾರು ಬರೆಯುತ್ತಾರೆ, ಹೇಗೆ ಬರೆಯುತ್ತಾರೆ ಎಂಬುದು ನಮ್ಮಂಥವರಿಗೆ ಬರೀ ಪರೀಕ್ಷೆಯ ಪ್ರಶ್ನೆಯಲ್ಲ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸಲು ಕರ್ನಾಟಕವು 1982ರಲ್ಲಿ ಕಾಯಿದೆ ಮಾಡಬೇಕಾಯಿತು. ಗಂಗಾಳಂಥವರು ಕಾದಂಬರಿಯ ಪುಟಗಳಲ್ಲಷ್ಟೇ ಇದ್ದವರಲ್ಲ.

‘ತಾರಾ’ ಈಗ ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಇಂಗ್ಲಿಷು ಹಳೆಯದು, ಪಕ್ಕದಲ್ಲಿ ನಿಘಂಟು ಬೇಕು. ಓದುವ ಗೆಳೆಯರು ಗಂಗಾ ಬರುವ ಪುಟಗಳಿಗೆ ಗುರುತು ಹಾಕಿಕೊಂಡು, ಅವನ್ನಷ್ಟೇ ಮತ್ತೊಮ್ಮೆ ಓದಿನೋಡಲಿ.