ಕಹಿ ಬಿಟ್ಟ ಮೇಲೆ ಲೂಪಿನ್ ಕಾಳು

ಈಜಿಪ್ಟಿನ ಬೀದಿಗಾಡಿಗಳಲ್ಲಿ ಉಪ್ಪುನೀರಿನಲ್ಲಿ ಮಿನುಗುವ ಹಳದಿ ಕಾಳುಗಳನ್ನು ರಾಶಿ ಹಾಕಿ ಮಾರುತ್ತಾರೆ. ಪೋರ್ಚುಗಲ್ಲಿನಲ್ಲಿ ಅದನ್ನೇ ಬಿಯರಿನ ಜೊತೆ ನೆಂಚಿಕೊಳ್ಳುತ್ತಾರೆ. ಇದು ಬಿಳಿ ಲೂಪಿನ್. ಗಲ್ಫಿನಲ್ಲಿರುವ ಕನ್ನಡಿಗರು ಅಂಗಡಿಯಲ್ಲಿ 'ತುರ್ಮುಸ್' ಎಂದು ಬರೆದ ಡಬ್ಬಿಯನ್ನು ನೋಡಿರಬಹುದು.

ಒಣಗಿದ ಕಾಳನ್ನು ಮೊದಲು ಕೈಯಲ್ಲಿ ಹಿಡಿದು ನೋಡಿ. ಸುಮಾರು ಒಂದು ಸೆಂಟಿಮೀಟರ್ ಅಗಲ, ಚಪ್ಪಟೆ, ಕೆನೆಬಣ್ಣ. ಸಿಪ್ಪೆ ದಪ್ಪ, ಗಡಸು. ಅದರಲ್ಲಿರುವುದು ಬಹುಪಾಲು ನಾರು. ಬೇಯಿಸಿದ ಕಾಳಿನ ಅಂಚನ್ನು ಹಲ್ಲಿನಿಂದ ಸ್ವಲ್ಪ ಕಚ್ಚಿ ಒತ್ತಿದರೆ, ನಮ್ಮ ಹಿದುಕವರೆಯ ಹಾಗೆ ಒಳಗಿನ ಬೇಳೆ ಪುಟಕ್ಕನೆ ಹೊರಗೆ ಬರುತ್ತದೆ. ಬೇಳೆಯ ಹಳದಿಗೆ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯಗಳು ಕಾರಣ.

ಈಗ ಒಳಗೇನಿದೆ ನೋಡೋಣ. ಒಣಕಾಳಿನ ತೂಕದಲ್ಲಿ ಸುಮಾರು 36 ಶೇಕಡಾ ಪ್ರೋಟೀನ್. ತೊಗರಿ, ಕಡಲೆಗಳಲ್ಲಿ ಇರುವುದು ಸುಮಾರು 20ರಿಂದ 22. ಎಣ್ಣೆಯಂಶ ಹತ್ತರ ಹತ್ತಿರ. ಆಂಡೀಸ್ ಪರ್ವತಗಳ ಜನ ಬೆಳೆಯುವ 'ತಾರ್ವಿ' ಎಂಬ ಲೂಪಿನ್ನಿನಲ್ಲಿ ಇವೆರಡೂ ಇನ್ನೂ ಹೆಚ್ಚು. ಆದರೆ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಬೇಳೆಗಳಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲೇ. ಸಾರು ಮಂದವಾಗುವುದು ಪಿಷ್ಟದಿಂದ. ಲೂಪಿನ್ ಎಷ್ಟು ಬೆಂದರೂ ತೊಗರಿಬೇಳೆಯಂತೆ ಕರಗುವುದಿಲ್ಲ, ಹಲ್ಲಿಗೆ ಗಟ್ಟಿಯಾಗಿಯೇ ಸಿಗುತ್ತದೆ. ಗೋಧಿಯ ಗ್ಲುಟೆನ್ ಕೂಡ ಇದರಲ್ಲಿಲ್ಲ, ಹಾಗಾಗಿ ಬರೀ ಲೂಪಿನ್ ಹಿಟ್ಟಿನ ಬ್ರೆಡ್ ಉಬ್ಬುವುದಿಲ್ಲ. ಬೇಕರಿಯವರು ಬೇರೆ ಹಿಟ್ಟಿಗೆ ಸ್ವಲ್ಪ ಬೆರೆಸುತ್ತಾರೆ.

ಇನ್ನು ಕಹಿಯ ವಿಷಯ. ಇದಕ್ಕೆ ಸ್ವಲ್ಪ ನಿಧಾನ ಬೇಕು. ಲುಪಾನೀನ್, ಸ್ಪಾರ್ಟೀನ್ ಮೊದಲಾದ ಆಲ್ಕಲಾಯ್ಡುಗಳು ಕಾಳಿನಲ್ಲಿವೆ. ಗಿಡಕ್ಕೆ ಅವು ಕೀಟಗಳಿಂದ ರಕ್ಷಣೆ, ನಮಗೆ ವಿಷ. ಹೆಚ್ಚು ತಿಂದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗಿ ನೋಟ ಮಬ್ಬಾಗುತ್ತದೆ, ತಲೆ ಸುತ್ತುತ್ತದೆ. ರಾಜ್ಮಾದ ವಿಷ ಚೆನ್ನಾಗಿ ಕುದಿಸಿದರೆ ನಾಶವಾಗುತ್ತದೆ. ಲೂಪಿನ್ನಿನದು ಕುದಿಗೆ ಜಗ್ಗುವುದಿಲ್ಲ, ನೀರಿನಲ್ಲಿ ಕರಗಿ ಹೊರಗೆ ಹೋಗಬೇಕು.

ಹಾಗಾದರೆ ಕುದಿಸುವುದೇಕೆ? ಜೀವಂತ ಬೀಜದ ಜೀವಕೋಶಗಳು ಆಲ್ಕಲಾಯ್ಡನ್ನು ಪೊರೆಯೊಳಗೆ ಹಿಡಿದಿಟ್ಟುಕೊಂಡಿರುತ್ತವೆ. ಶಾಖಕ್ಕೆ ಆ ಪೊರೆ ಕೆಡುತ್ತದೆ. ಆಮೇಲೆ ಕಹಿ ಸಲೀಸಾಗಿ ನೀರಿಗೆ ಇಳಿಯುತ್ತದೆ. ಆದ್ದರಿಂದ ರಾತ್ರಿ ನೆನೆಸಿ, ಬೇಯಿಸಿ, ಬಳಿಕ ಹಲವು ದಿನ ತಣ್ಣೀರಿನಲ್ಲಿಟ್ಟು ದಿನವೂ ನೀರು ಬದಲಿಸುತ್ತಾರೆ. ನೀರು ಬದಲಿಸದಿದ್ದರೆ ಒಳಗಿನ ಕಹಿಯೂ ಹೊರಗಿನ ಕಹಿಯೂ ಸಮವಾಗಿ, ಇಳಿಯುವುದು ನಿಂತುಬಿಡುತ್ತದೆ. ನಡುನಡುವೆ ಒಂದು ಕಾಳಿನ ಚೂರನ್ನು ನಾಲಿಗೆಗೆ ಸೋಕಿಸಿ ಉಗುಳಿ. ಕಹಿ ಇದ್ದರೆ ಇನ್ನೂ ನೀರಲ್ಲೇ ಇರಲಿ. ಪೂರ್ತಿ ಹೋದ ಮೇಲೆ ಉಪ್ಪುನೀರು.

ಇಲ್ಲಿ ಕರ್ನಾಟಕದ ಅಡುಗೆಮನೆಗೆ ಒಂದು ಎಚ್ಚರಿಕೆ: ಕಾಳು ಬೇಯಿಸಿದ ಕಟ್ಟನ್ನು ಚೆಲ್ಲದೆ ಬಸ್ಸಾರು ಮಾಡುವ ಜನ ನಾವು. ಕಹಿ ಲೂಪಿನ್ನಿನ ಕಟ್ಟನ್ನು ಚೆಲ್ಲಲೇಬೇಕು, ದನಕರುವಿಗೂ ಹಾಕಬಾರದು.

ಇಷ್ಟೆಲ್ಲ ನೀರಾಟದಲ್ಲಿ ಖನಿಜಾಂಶವೂ ಒಂದಿಷ್ಟು ಹೋಗುತ್ತದೆ. ಬೆಂದ ಕಾಳು ನೀರು ಹೀರಿಕೊಂಡಿರುವುದರಿಂದ 100 ಗ್ರಾಮಿಗೆ ಪ್ರೋಟೀನ್ ಸುಮಾರು 16 ಗ್ರಾಂ ಉಳಿಯುತ್ತದೆ, ಅದೇನೂ ಕಡಿಮೆಯಲ್ಲ. ಈ ಪ್ರೋಟೀನಿನಲ್ಲಿ ಲೈಸೀನ್ ಚೆನ್ನಾಗಿದೆ, ಮೆಥಿಯೊನೀನ್ ಕಡಿಮೆ. ಅನ್ನದ್ದೋ ರೊಟ್ಟಿಯದ್ದೋ ಜೊತೆ ಸಿಕ್ಕರೆ ಆ ಕೊರತೆ ತುಂಬುತ್ತದೆ.

ಕಹಿ ತೀರ ಕಡಿಮೆ ಇರುವ ತಳಿಗಳೂ ಇವೆ. 1920ರ ದಶಕದ ಕೊನೆಯಲ್ಲಿ ಜರ್ಮನಿಯ ರೈನ್‌ಹೋಲ್ಡ್ ಫಾನ್ ಸೆಂಗ್‌ಬುಷ್ ಅಂಥ ಗಿಡಗಳನ್ನು ಆರಿಸಿ ತೆಗೆದರು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಈಗ ವಿಶಾಲವಾಗಿ ಬೆಳೆಯುವುದು ಇಂಥ ಸಿಹಿ ಲೂಪಿನ್ನನ್ನೇ, ಆದರೆ ಬಿಳಿಯದಲ್ಲ, ಕಿರಿದೆಲೆಯ ಜಾತಿ. ಸಿಹಿ ಎಂದರೆ ಸಕ್ಕರೆಯಲ್ಲ, ಕಹಿಯಿಲ್ಲ ಎಂದಷ್ಟೇ. ಇವುಗಳಿಗೆ ದಿನಗಟ್ಟಲೆ ನೀರು ಬದಲಿಸುವ ಕೆಲಸವಿಲ್ಲ. ಆದರೆ ಪೊಟ್ಟಣದ ಮೇಲೆ ಯಾವ ಬಗೆ ಎಂದು ಬರೆದಿರದಿದ್ದರೆ ಕಹಿಯೆಂದೇ ಭಾವಿಸಿ ನಡೆಯುವುದು ಒಳ್ಳೆಯದು.

ಅಲರ್ಜಿಯ ಮಾತು ಬೇರೆ. ಅದು ಪ್ರೋಟೀನಿನಿಂದಲೇ ಬರುವುದು. ಎಷ್ಟು ತೊಳೆದರೂ, ಸಿಹಿ ತಳಿಯಾದರೂ ತಪ್ಪದು. ಕಡಲೆಕಾಯಿ ಆಗದವರಲ್ಲಿ ಕೆಲವರಿಗೆ ಲೂಪಿನ್ನೂ ಆಗುವುದಿಲ್ಲ. ಯುರೋಪಿನ ಬಿಸ್ಕತ್ತು, ಪಾಸ್ತಾಗಳಲ್ಲಿ ಈ ಹಿಟ್ಟು ಸೇರಿರುವುದುಂಟು. ಸೇರಿದ್ದರೆ ಲೇಬಲ್ಲಿನಲ್ಲಿ ಹೇಳಲೇಬೇಕೆಂದು ಅಲ್ಲಿ ಕಾನೂನಿದೆ.