ಅರ್ಧಕ್ಕೆ ನಿಲ್ಲಬಾರದ ಚಿಕಿತ್ಸೆ: ಶ್ವಾಸಕೋಶ ಕ್ಯಾನ್ಸರ್ ರೋಗಿಗೆ ಕಾನೂನಿನ ಆಸರೆ

ಶ್ವಾಸಕೋಶದ ಕ್ಯಾನ್ಸರ್‌ಗೆ ಕೊಡುವ ಚಿಕಿತ್ಸೆ ದಿನ ಎಣಿಸಿ ನಡೆಯುವಂಥದ್ದು. ಕೀಮೋ ಆದರೆ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ನಾಲ್ಕರಿಂದ ಆರು ಸುತ್ತು. ನಮ್ಮ ಕಡೆಯ ಜನ ‘ಕರೆಂಟ್ ಕೊಡಿಸುವುದು’ ಎನ್ನುವ ವಿಕಿರಣ ಚಿಕಿತ್ಸೆ, ರೋಗ ಗುಣಪಡಿಸಲೆಂದೇ ಕೊಡುವಾಗ, ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ. ಗೆಫಿಟಿನಿಬ್, ಎರ್ಲೋಟಿನಿಬ್‌ನಂಥ ಮಾತ್ರೆಗಳನ್ನು ದಿನವೂ ನುಂಗಬೇಕು. ಸುತ್ತು ತಪ್ಪಿದರೆ, ಮಾತ್ರೆ ಉಳಿಸಲು ದಿನ ಬಿಟ್ಟು ದಿನ ತೆಗೆದುಕೊಂಡರೆ, ರೋಗ ಮತ್ತೆ ಚಿಗುರಲು ನಾವೇ ಎಡೆ ಮಾಡಿಕೊಟ್ಟಂತೆ.

ದಾವಣಗೆರೆ ಮತ್ತು ಹರಿಹರ ದುಡಿಯುವವರ ಊರುಗಳು. ಹತ್ತಿ ಗಿರಣಿಗಳಲ್ಲಿ ಆಯುಷ್ಯ ಸವೆಸಿದವರು, ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ನಿಂತವರು, ಬೀಡಿ ಕಟ್ಟುವವರು, ಹಮಾಲರು ಇಲ್ಲಿದ್ದಾರೆ. ಇಂಥ ಮನೆಗಳಲ್ಲಿ ಚಿಕಿತ್ಸೆ ನಿಲ್ಲುವುದು ಔಷಧಿ ಕೆಲಸ ಮಾಡಲಿಲ್ಲವೆಂದಷ್ಟೇ ಅಲ್ಲ. ಕಾರ್ಡ್ ಸರಿಯಿಲ್ಲ, ರೆಫರಲ್ ಚೀಟಿ ಇಲ್ಲ, ಕೂಲಿ ಹೋಗುತ್ತದೆ, ದಾರಿ ಖರ್ಚಿಗಿಲ್ಲ, ಡಾಕ್ಟರು ಹೇಳಿದ್ದು ತಿಳಿಯಲಿಲ್ಲ ಎಂಬ ಕಾರಣಗಳಿಗೂ ನಿಲ್ಲುತ್ತದೆ. ಇವುಗಳಲ್ಲಿ ಬಹುತೇಕ ಕಡೆ ಕಾನೂನೋ ಸರ್ಕಾರಿ ಯೋಜನೆಯೋ ರೋಗಿಯ ಪರವಾಗಿದೆ. ಅದನ್ನು ಬಳಸಿಕೊಳ್ಳುವ ಬಗೆ ಹೀಗೆ.

ಮೊದಲು ಕಾರ್ಡ್ ಮತ್ತು ರೆಫರಲ್

‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಭರಿಸುತ್ತದೆ, ಮಿತಿ ವರ್ಷಕ್ಕೆ 1.5 ಲಕ್ಷ. ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣ ಮೂರೂ ಇದರೊಳಗಿವೆ. ಕಾರ್ಡ್ ಕೈಗೆ ಬಂದಿಲ್ಲವೆಂದು ದಿನ ದೂಡಬೇಡಿ. ಪಡಿತರ ಚೀಟಿ ಮತ್ತು ಆಧಾರ್ ಹಿಡಿದು ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕಾಣಿ.

ಇಲ್ಲಿ ಕ್ರಮ ಮುಖ್ಯ. ಹರಿಹರದವರು ತಾಲ್ಲೂಕು ಆಸ್ಪತ್ರೆಯಿಂದ, ದಾವಣಗೆರೆಯವರು ಚಿಗಟೇರಿ ಜಿಲ್ಲಾ ಆಸ್ಪತ್ರೆಯಿಂದ ಆರಂಭಿಸಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯೇ ರೆಫರಲ್ ಬರೆದುಕೊಡುತ್ತದೆ. ಅದನ್ನು ಹಿಡಿದು ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಗೋ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ, ಯೋಜನೆಗೆ ನೋಂದಾಯಿಸಿಕೊಂಡ ಬೇರೆ ಆಸ್ಪತ್ರೆಗೋ ಹೋಗಬಹುದು. ರೆಫರಲ್ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಸೇರಿದರೆ ಆ ಬಿಲ್ಲು ಯೋಜನೆಯಲ್ಲಿ ಸಿಗದೆ ಹೋಗಬಹುದು.

ತುರ್ತು ಸ್ಥಿತಿಗೆ ಈ ನಿಯಮವಿಲ್ಲ. ಕೆಮ್ಮಿದಾಗ ರಕ್ತ ಹೆಚ್ಚಾಗಿ ಬಂದರೆ, ಉಸಿರು ಕಟ್ಟಿದರೆ, ಕೀಮೋ ಆದ ಮೇಲೆ ಜ್ವರ ಏರಿದರೆ ಹತ್ತಿರದ ಆಸ್ಪತ್ರೆಗೇ ಹೋಗಿ. ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲಿ, ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ: ತುರ್ತು ಚಿಕಿತ್ಸೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೂ ತುರ್ತಿನಲ್ಲಿ ಮುಂಗಡ ಹಣ ಕಟ್ಟುವವರೆಗೆ ರೋಗಿಯನ್ನು ಕಾಯಿಸಲು ಬಿಡುವುದಿಲ್ಲ.

2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಕೇಂದ್ರಗಳನ್ನು ಆರಂಭಿಸಿತು. ಮೊದಲ ಸುತ್ತು ದೊಡ್ಡ ಆಸ್ಪತ್ರೆಯಲ್ಲಿ ಆದ ಮೇಲೆ ಉಳಿದ ಸುತ್ತುಗಳನ್ನು ಹತ್ತಿರದ ಕೇಂದ್ರದಲ್ಲಿ ಪಡೆಯಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಪ್ರಯಾಣ ಕಡಿಮೆಯಾದಷ್ಟೂ ಸುತ್ತು ತಪ್ಪುವುದು ಕಡಿಮೆ.

ರೋಗಿಗೆ ಗೊತ್ತಿರಲಿ

ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ಆಗುವ ಒಂದು ತಪ್ಪಿದೆ. ಕ್ಯಾನ್ಸರ್ ಎಂಬುದನ್ನು ರೋಗಿಯಿಂದ ಮುಚ್ಚಿಟ್ಟು, ‘ಶ್ವಾಸಕೋಶದಲ್ಲಿ ನೀರು ತುಂಬಿದೆ’ ಎಂದೋ ‘ಟಿಬಿ’ ಎಂದೋ ಹೇಳುತ್ತಾರೆ. ಟಿಬಿ ಎಂದು ನಂಬಿದ ಅಪ್ಪನಿಗೆ, ಎರಡು ಸುತ್ತು ಕೀಮೋ ಆಗಿ ಕೂದಲು ಉದುರಿ ವಾಂತಿ ಶುರುವಾದಾಗ, ಇಷ್ಟೊಂದು ಸಂಕಟ ಯಾಕೆ ಎಂಬುದೇ ಅರ್ಥವಾಗುವುದಿಲ್ಲ. ‘ಸಾಕು, ಮನೆಗೆ ಕರೆದುಕೊಂಡು ಹೋಗು’ ಎನ್ನುತ್ತಾನೆ. ಏಕೆ ಸಹಿಸಬೇಕೆಂದು ತಿಳಿದವನು ಸಹಿಸುತ್ತಾನೆ.

ಕಾನೂನಿನ ನಿಲುವೂ ಇದೇ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಸ್ವಸ್ಥ ಮನಸ್ಸಿನ ವಯಸ್ಕ ರೋಗಿಯ ಒಪ್ಪಿಗೆಯನ್ನು ರೋಗಿಯಿಂದಲೇ ಪಡೆಯಬೇಕು. ಚಿಕಿತ್ಸೆಯ ಸ್ವರೂಪ, ಅದರ ಲಾಭ, ಅಪಾಯ, ಬೇರೆ ದಾರಿಗಳು, ಬೇಡವೆಂದರೆ ಏನಾದೀತು ಎಂಬುದನ್ನು ಮೊದಲು ತಿಳಿಸಬೇಕು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ ಸಹಿ ಹಾಕುವ ಮುನ್ನ ಕನ್ನಡದಲ್ಲಿ ವಿವರಿಸಲು ಕೇಳಿ. ಎಷ್ಟು ಸುತ್ತು, ಯಾವ ದಿನಾಂಕ, ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು, ಒಂದು ದಿನ ಮಾತ್ರೆ ಮರೆತರೆ ಏನು ಮಾಡಬೇಕು: ಈ ನಾಲ್ಕನ್ನು ಬರೆಸಿಕೊಳ್ಳಿ. ಅಡ್ಡ ಪರಿಣಾಮ ತಡೆಯಲಾಗದಿದ್ದರೆ ತಾವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಿ. ವಾಂತಿ, ಬಾಯಿಹುಣ್ಣು, ಚರ್ಮದ ಗುಳ್ಳೆ, ಭೇದಿಗಳಿಗೆ ಔಷಧಿಯಿದೆ, ಪ್ರಮಾಣ ಬದಲಿಸುವ ಅವಕಾಶವೂ ಇದೆ.

ದಾಖಲೆ ಕೇಳಿ ಪಡೆಯಿರಿ

ಊರು ಬದಲಿಸಿದಾಗ, ಆಸ್ಪತ್ರೆ ಬದಲಿಸಿದಾಗ ಚಿಕಿತ್ಸೆ ತುಂಡಾಗುವುದು ದಾಖಲೆಯಿಲ್ಲದೆ. ವೈದ್ಯರ ನಡವಳಿಕೆ ಕುರಿತ 2002ರ ನಿಯಮಗಳ ಪ್ರಕಾರ, ರೋಗಿ ಅಥವಾ ಅಧಿಕೃತ ಪ್ರತಿನಿಧಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು. ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ವರದಿ, ಸಿಟಿ ಸ್ಕ್ಯಾನ್, ಕೊಟ್ಟ ಕೀಮೋ ಔಷಧಿಗಳ ಪಟ್ಟಿ ಪಡೆಯಿರಿ. ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್ ಬೇಕೆಂದೂ ಕೇಳಿ. ಬೇರೆ ಆಸ್ಪತ್ರೆಯಲ್ಲಿ ಮತ್ತೆ ಪರೀಕ್ಷಿಸಲು ಅವೇ ಬೇಕಾಗುತ್ತವೆ. ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದೂ ರೋಗಿಯ ಹಕ್ಕು.

ದಾರಿ ಖರ್ಚು, ಕೂಲಿ, ಮಾತ್ರೆಯ ಬೆಲೆ

ದಾವಣಗೆರೆ, ಹರಿಹರ ಎರಡೂ ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲಿವೆ. ಚಿಕಿತ್ಸೆ ಅಥವಾ ಮರುತಪಾಸಣೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲ್ವೆಯಲ್ಲಿ ಸ್ಲೀಪರ್ ಮತ್ತು ಎಸಿ ಮೂರನೇ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ, ಎರಡನೇ ದರ್ಜೆಯಲ್ಲಿ ಶೇ. 75. ಜೊತೆಗೆ ಹೋಗುವ ಒಬ್ಬರಿಗೆ ಸ್ಲೀಪರ್‌ನಲ್ಲೂ ಎಸಿ ಮೂರನೇ ದರ್ಜೆಯಲ್ಲೂ ಶೇ. 75. ಇದಕ್ಕೆ ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಡಿಸ್ಚಾರ್ಜ್ ದಿನವೇ ಬರೆಸಿಕೊಳ್ಳಿ. ರಾಜ್ಯದೊಳಗಿನ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ.

ಇಎಸ್‌ಐ ವ್ಯಾಪ್ತಿಯ ಕಾರ್ಮಿಕರಿಗೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನ ಸರಾಸರಿ ಕೂಲಿಯ ಶೇ. 70 ಸಿಗುತ್ತದೆ. ಕ್ಯಾನ್ಸರ್ ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿದೆ. ಎರಡು ವರ್ಷದ ಸೇವೆ ಹಾಗೂ ವಂತಿಗೆಯ ಷರತ್ತು ಪೂರೈಸಿದವರಿಗೆ ಶೇ. 80ರಷ್ಟು ವಿಸ್ತರಿತ ಭತ್ಯೆ ಎರಡು ವರ್ಷದವರೆಗೂ ದೊರೆಯಬಹುದು. ನೋಂದಾಯಿತ ಕಟ್ಟಡ ಕಾರ್ಮಿಕರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ, ಗುರುತಿನ ಚೀಟಿಯಿರುವ ಬೀಡಿ ಕಾರ್ಮಿಕರು ಕೇಂದ್ರದ ಕಾರ್ಮಿಕ ಕಲ್ಯಾಣ ಸಂಸ್ಥೆಗೆ ಚಿಕಿತ್ಸಾ ನೆರವು ಕೋರಿ ಅರ್ಜಿ ಹಾಕಬಹುದು. ಆರೋಗ್ಯ ಕರ್ನಾಟಕ ಯೋಜನೆಯ ಮಿತಿ ಮುಗಿದವರಿಗೆ ಮುಖ್ಯಮಂತ್ರಿಗಳ ಪರಿಹಾರ ನಿಧಿಯಿದೆ. ಆದಾಯ ಪ್ರಮಾಣಪತ್ರ ಬೇಕಾದರೆ ಅರ್ಜಿ ಹಾಕಿ ಸಕಾಲ ಸಂಖ್ಯೆ ಪಡೆಯಿರಿ. ನಿಗದಿತ ದಿನದೊಳಗೆ ಬರದಿದ್ದರೆ ಮೇಲ್ಮನವಿ ಸಲ್ಲಿಸಬಹುದು.

2019ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 42 ಕ್ಯಾನ್ಸರ್ ಔಷಧಿಗಳ ಮಾರಾಟ ಲಾಭವನ್ನು ಶೇ. 30ಕ್ಕೆ ಮಿತಿಗೊಳಿಸಿತು. ಶ್ವಾಸಕೋಶ ಕ್ಯಾನ್ಸರ್‌ಗೆ ಬಳಸುವ ಎರ್ಲೋಟಿನಿಬ್‌ನ ಬೆಲೆ ಅದರಿಂದ ಬಹಳ ಇಳಿಯಿತು. ಒಂದೇ ಔಷಧಿ ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಬೇರೆ ಬೇರೆ ಬೆಲೆಗೆ ಸಿಗುತ್ತದೆ. ಅಗ್ಗದ್ದನ್ನು ಬರೆದುಕೊಡಲು ವೈದ್ಯರನ್ನು ಕೇಳಿ. ಇಂಥ ಅಂಗಡಿಯಲ್ಲೇ ಕೊಳ್ಳಬೇಕೆಂದು ಆಸ್ಪತ್ರೆ ಒತ್ತಾಯಿಸುವಂತಿಲ್ಲ. ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರದ 1800 111 255ಕ್ಕೆ ಕರೆ ಮಾಡಿ.

ತಕರಾರು ಎಲ್ಲಿ ಹೇಳಬೇಕು

ಆರೋಗ್ಯ ಕರ್ನಾಟಕ ಯೋಜನೆಯಡಿ ದಾಖಲಾದವರಿಂದ ಹಣ ಕೇಳಿದರೆ ಮೊದಲು ಆರೋಗ್ಯಮಿತ್ರರಿಗೆ, ಆಮೇಲೆ 104 ಅಥವಾ 14555ಕ್ಕೆ, ಅಲ್ಲಿಂದ ಜಿಲ್ಲಾ ಆರೋಗ್ಯಾಧಿಕಾರಿಗೆ ಲಿಖಿತವಾಗಿ ದೂರಿ. ಖಾಸಗಿ ಆಸ್ಪತ್ರೆಯ ವಿರುದ್ಧದ ದೂರನ್ನು ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ವಿಚಾರಿಸುತ್ತದೆ. ಬಾಕಿ ಬಿಲ್ಲಿಗಾಗಿ ರೋಗಿಯನ್ನು ಹಿಡಿದಿಟ್ಟುಕೊಳ್ಳುವುದು ರೋಗಿಗಳ ಹಕ್ಕುಗಳ ಸನ್ನದಿಗೆ ವಿರುದ್ಧ. ಸರ್ಕಾರಿ ಆಸ್ಪತ್ರೆಯಲ್ಲಿ ಲಂಚ ಕೇಳಿದರೆ ಲೋಕಾಯುಕ್ತಕ್ಕೆ ಹೋಗಿ. ಔಷಧಿ ದಾಸ್ತಾನಿನ ಮಾಹಿತಿಯನ್ನು ಮಾಹಿತಿ ಹಕ್ಕಿನಡಿ ಕೇಳಬಹುದು. ಸಾಮಾನ್ಯ ಗಡುವು 30 ದಿನ, ಜೀವಕ್ಕೆ ಸಂಬಂಧಿಸಿದ ಮಾಹಿತಿಗೆ 48 ಗಂಟೆ.

ಚಿಕಿತ್ಸೆಯಲ್ಲಿ ನಿರ್ಲಕ್ಷ್ಯವಾಗಿದ್ದರೆ ಎರಡು ವರ್ಷದೊಳಗೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಮಾತ್ರ ಗ್ರಾಹಕ ಕಾನೂನಿನ ಹೊರಗೆ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ದಾವಣಗೆರೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ ಹರಿಹರದ ತಾಲ್ಲೂಕು ಸಮಿತಿಗೋ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಕಡಿಮೆ ಆದಾಯದವರಿಗೆ ವಕೀಲರ ನೆರವು ಉಚಿತ. ಸಹಾಯವಾಣಿ 15100.

ನಿಲ್ಲಿಸುವ ನಿರ್ಧಾರವೂ ರೋಗಿಯದೇ

ಎಲ್ಲ ತಿಳಿದ ಮೇಲೆ, ಗುಣವಾಗುವ ಭರವಸೆ ಇಲ್ಲವೆಂದು ಅರಿತು, ‘ಇನ್ನು ಬೇಡ’ ಎನ್ನುವ ಹಕ್ಕೂ ರೋಗಿಗಿದೆ. ಈ ಹಕ್ಕಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಹೋರಾಡಿದವರು ದಾವಣಗೆರೆಯವರೇ ಆದ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ. ಸುಪ್ರೀಂ ಕೋರ್ಟ್ 2018ರಲ್ಲಿ, ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ‘ಮುಂಗಡ ವೈದ್ಯಕೀಯ ನಿರ್ದೇಶನ’ವನ್ನು ಮಾನ್ಯ ಮಾಡಿ, 2023ರಲ್ಲಿ ವಿಧಾನ ಸರಳಗೊಳಿಸಿತು. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಆದೇಶ ಹೊರಡಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಆಗಲೂ ನೋವು ಶಮನದ ಆರೈಕೆ ನಿಲ್ಲಬಾರದು. ಮಾರ್ಫಿನ್ ಸುಲಭವಾಗಿ ಸಿಗಲೆಂದೇ 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ತರಲಾಗಿದೆ.

ಆದರೆ ಕಾರ್ಡ್ ಇಲ್ಲವೆಂದು, ಬಸ್ಸಿಗೆ ಹಣವಿಲ್ಲವೆಂದು ನಿಂತ ಚಿಕಿತ್ಸೆಯನ್ನು ರೋಗಿಯ ನಿರ್ಧಾರ ಎನ್ನಲಾಗದು. ನಿಮ್ಮ ಬೀದಿಯಲ್ಲಿ ಯಾರಾದರೂ ಕೀಮೋ ಅರ್ಧಕ್ಕೆ ಬಿಟ್ಟು ಮನೆಯಲ್ಲಿ ಕುಳಿತಿದ್ದರೆ ಕಾರಣ ಕೇಳಿ. ಕಾರಣ ಕಾಗದವೋ ಹಣವೋ ಆಗಿದ್ದರೆ ನಾಳೆ ಬೆಳಗ್ಗೆಯೇ ಅವರನ್ನು ಚಿಗಟೇರಿ ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಕರೆದೊಯ್ಯಿರಿ. ಅಲ್ಲಿ ಆಗದಿದ್ದರೆ 15100ಕ್ಕೆ ಕರೆ ಮಾಡಿ.