ಡೆಟ್ರಾಯಿಟ್ ತಂಡಕ್ಕೆ ‘ಪಿಸ್ಟನ್ಸ್’ ಹೆಸರು ಬಂದದ್ದೆಲ್ಲಿಂದ?

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಡೆಟ್ರಾಯಿಟ್‌ನಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯ ನೋಡಿದೆ. ಅಲ್ಲಿನ ತಂಡದ ಹೆಸರು ‘ಪಿಸ್ಟನ್ಸ್’. ಕಾರು ತಯಾರಿಸುವ ಊರಾದ್ದರಿಂದ ಈ ಹೆಸರಿಟ್ಟಿದ್ದಾರೆ ಎಂದುಕೊಂಡೆ. ಆದರೆ ತಂಡ ಮೊದಲು ಬೇರೆ ಊರಿನದಾಗಿತ್ತು ಎಂದು ಅಳಿಯ ಹೇಳಿದರು. ಹಾಗಾದರೆ ಹೆಸರು ಬಂದದ್ದು ಎಲ್ಲಿಂದ? ಕೆನಡಾ ಗಡಿಯಲ್ಲಿರುವ ಈ ಊರಿಗೆ ತಂಡ ಬಂದದ್ದು ಹೇಗೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಿಮಗೆ ಬಂದ ಸಂಶಯ ಅಮೆರಿಕದಲ್ಲಿ ಹುಟ್ಟಿ ಬೆಳೆದ ಎಷ್ಟೋ ಜನರಿಗೂ ಬರುವಂಥದ್ದೇ. ನಿಮ್ಮ ಅಳಿಯ ಹೇಳಿದ್ದು ಸರಿ, ನಿಮ್ಮ ಊಹೆಯೂ ಪೂರ್ತಿ ತಪ್ಪಲ್ಲ. ಒಂದೊಂದಾಗಿ ನೋಡೋಣ.

ಮೊದಲು ಹೆಸರು. ಡೆಟ್ರಾಯಿಟ್‌ನಿಂದ ಸುಮಾರು 250 ಕಿ.ಮೀ. ದೂರದಲ್ಲಿ, ಇಂಡಿಯಾನಾ ರಾಜ್ಯದಲ್ಲಿ, ಫೋರ್ಟ್ ವೇನ್ ಎಂಬ ಊರಿದೆ. ಫ್ರೆಡ್ ಜೋಲ್ನರ್ ಎಂಬ ಉದ್ಯಮಿಯ ಕಾರ್ಖಾನೆ ಅಲ್ಲಿತ್ತು. ಅಲ್ಲಿ ತಯಾರಾಗುತ್ತಿದ್ದುದು ಪಿಸ್ಟನ್. ‘ಪಿಸ್ಟನ್ ಸವೆದಿದೆ, ಬೋರ್ ಮಾಡಿಸಬೇಕು’ ಎಂದು ಬೈಕ್ ಮೆಕ್ಯಾನಿಕ್ ಹೇಳುತ್ತಾನಲ್ಲ, ಅದೇ ಪಿಸ್ಟನ್: ಎಂಜಿನ್ನಿನ ಕೊಳವೆಯೊಳಗೆ ಮೇಲೆ ಕೆಳಗೆ ಓಡಾಡುವ ಲೋಹದ ತುಂಡು. ನಮ್ಮ ಬೆಂಗಳೂರಿನ ಎಚ್‌ಎಎಲ್, ಐಟಿಐ ಕಾರ್ಖಾನೆಗಳಿಗೆ ಫುಟ್‌ಬಾಲ್ ತಂಡಗಳಿದ್ದಂತೆ ಜೋಲ್ನರ್ ಕಾರ್ಖಾನೆಗೂ ಆಟದ ತಂಡಗಳಿದ್ದವು. 1941ರಲ್ಲಿ ಅದರ ಬ್ಯಾಸ್ಕೆಟ್‌ಬಾಲ್ ತಂಡ ವೃತ್ತಿಪರ ಲೀಗ್ ಸೇರಿತು. ಆಗ ಅದರ ಹೆಸರು ‘ಫೋರ್ಟ್ ವೇನ್ ಜೋಲ್ನರ್ ಪಿಸ್ಟನ್ಸ್’. ಅಂದರೆ ಊರು, ಮಾಲೀಕ, ಸರಕು ಮೂರೂ ಒಂದೇ ಹೆಸರಿನಲ್ಲಿದ್ದವು. 1948ರಲ್ಲಿ ಇನ್ನೊಂದು ಲೀಗಿಗೆ ಹೋದಾಗ ‘ಜೋಲ್ನರ್’ ಬಿಟ್ಟುಹೋಯಿತು, ‘ಪಿಸ್ಟನ್ಸ್’ ಉಳಿಯಿತು. ಮರುವರ್ಷ ಎರಡು ಲೀಗುಗಳು ಕೂಡಿ ಇಂದಿನ ಎನ್‌ಬಿಎ ಆಯಿತು.

ಎರಡನೆಯದು, ಊರು ಬಿಟ್ಟದ್ದೇಕೆ? ತಂಡ ಆಟದಲ್ಲಿ ಹಿಂದೆ ಬಿದ್ದಿರಲಿಲ್ಲ. 1955 ಮತ್ತು 1956ರಲ್ಲಿ ಎರಡು ಸಲವೂ ಎನ್‌ಬಿಎ ಫೈನಲ್ ತಲುಪಿ ಸೋತಿತ್ತು. ಆದರೆ ಊರು ಚಿಕ್ಕದು. 1955ರ ಫೈನಲ್ ಹೊತ್ತಿಗೆ ಊರಿನ ಕ್ರೀಡಾಂಗಣವನ್ನು ಬೌಲಿಂಗ್ ಪಂದ್ಯಾವಳಿಗೆ ಕೊಟ್ಟಾಗಿತ್ತು. ಹಾಗಾಗಿ ತವರಿನ ಪಂದ್ಯಗಳನ್ನೇ ಬೇರೆ ಊರಾದ ಇಂಡಿಯಾನಾಪೊಲಿಸ್‌ನಲ್ಲಿ ಆಡಬೇಕಾಯಿತು! ಲೀಗ್ ಬೆಳೆದಂತೆ ದೊಡ್ಡ ನಗರಗಳ ತಂಡಗಳೇ ಉಳಿಯುವ ಕಾಲ ಬಂತು. 1957ರಲ್ಲಿ ಜೋಲ್ನರ್ ತಂಡವನ್ನು ಡೆಟ್ರಾಯಿಟ್‌ಗೆ ತಂದರು. ಆ ಊರು ಅವರಿಗೆ ಹೊಸದಲ್ಲ. ಅವರ ಪಿಸ್ಟನ್ ಕೊಳ್ಳುವ ವಾಹನ ಕಂಪನಿಗಳು ಇದ್ದದ್ದೇ ಅಲ್ಲಿ.

ಈಗ ಸಾಮಾನ್ಯವಾಗಿ ಆಗುವ ಗೊಂದಲಕ್ಕೆ ಬರೋಣ. ಹೆಸರು ಊರಿಗೆ ಹೊಂದಿದ ಮಾತ್ರಕ್ಕೆ ಆ ಊರಿನಲ್ಲೇ ಹುಟ್ಟಿದ್ದು ಎಂದಾಗುವುದಿಲ್ಲ. ಅಮೆರಿಕದಲ್ಲಿ ತಂಡ ಮಾಲೀಕನ ಸ್ವತ್ತು. ಅವನು ಊರು ಬದಲಾಯಿಸಿದರೆ ಹೆಸರೂ ಹೆಚ್ಚಾಗಿ ಜೊತೆಗೇ ಹೋಗುತ್ತದೆ. ಲಾಸ್ ಏಂಜಲೀಸ್‌ನ ‘ಲೇಕರ್ಸ್’ ತಂಡವನ್ನು ನೋಡಿ. ಆ ಹೆಸರು ಬಂದದ್ದು ಕೆರೆಸರೋವರಗಳ ನಾಡಾದ ಮಿನೆಸೋಟಾದಿಂದ. ತಂಡ 1960ರಲ್ಲಿ ಲಾಸ್ ಏಂಜಲೀಸ್‌ಗೆ ಬಂದಾಗ ಸರೋವರಗಳು ಹಿಂದೆ ಉಳಿದವು, ಹೆಸರು ಬಂತು. ಅಲ್ಲಿ ಹೆಸರು ಹೊಂದದಿರುವುದರಿಂದ ಜನ ‘ಯಾಕೆ ಹೀಗೆ?’ ಎಂದು ಕೇಳುತ್ತಾರೆ. ಡೆಟ್ರಾಯಿಟ್‌ನಲ್ಲಿ ಸರಿಯಾಗಿ ಹೊಂದಿಬಿಟ್ಟದ್ದರಿಂದ ಯಾರೂ ಕೇಳುವುದಿಲ್ಲ. ನೀವು ಕೇಳಿದಿರಿ.

ಮೂರನೆಯದು ಗಡಿ. ಭೂಪಟದಲ್ಲಿ ಕೆನಡಾ ಇರುವುದು ಅಮೆರಿಕದ ಉತ್ತರಕ್ಕೆ. ಆದರೆ ಡೆಟ್ರಾಯಿಟ್ ನಗರದ ನಡುಭಾಗದಲ್ಲಿ ನದಿದಂಡೆಗೆ ಹೋಗಿ ನಿಂತರೆ ಕೆನಡಾದ ವಿಂಡ್ಸರ್ ನಗರ ದಕ್ಷಿಣಕ್ಕೆ ಕಾಣುತ್ತದೆ. ನದಿ ಅಲ್ಲಿ ಹಾಗೆ ತಿರುಗಿದೆ. ಎರಡೂ ಊರುಗಳ ನಡುವೆ 1929ರಲ್ಲಿ ಅಂಬಾಸಡರ್ ಸೇತುವೆ, 1930ರಲ್ಲಿ ನದಿಯಡಿಯ ಸುರಂಗ ರಸ್ತೆ ತೆರೆದವು. 1961ರಿಂದ ಪಿಸ್ಟನ್ಸ್ ಆಡುತ್ತಿದ್ದ ಕೋಬೊ ಅರೀನಾ ಈ ನದಿಯ ದಂಡೆಯಲ್ಲೇ ಇತ್ತು. 1978ರಲ್ಲಿ ತಂಡ ಗಡಿಯಿಂದ ದೂರ ಸರಿದು ಉತ್ತರದ ಪಾಂಟಿಯಾಕ್ ಊರಿಗೂ, 1988ರಲ್ಲಿ ಅದರ ಪಕ್ಕದ ಆಬರ್ನ್ ಹಿಲ್ಸ್‌ಗೂ ಹೋಯಿತು. ಡೆಟ್ರಾಯಿಟ್ ನಗರದೊಳಕ್ಕೆ ಮರಳಿದ್ದು 2017ರಲ್ಲಿ. ಹೆಸರಿನಲ್ಲಿ ಡೆಟ್ರಾಯಿಟ್ ಇದ್ದರೂ 39 ವರ್ಷ ತಂಡದ ಅಂಗಣ ಡೆಟ್ರಾಯಿಟ್‌ನ ಹೊರಗಿತ್ತು. ತಂಡ ಗೆದ್ದ ಮೂರು ಎನ್‌ಬಿಎ ಪ್ರಶಸ್ತಿಗಳೂ, ಅಂದರೆ 1989, 1990 ಮತ್ತು 2004ರವು, ಈ ಹೊರಗಿನ ವರ್ಷಗಳಲ್ಲೇ ಬಂದವು.

ನೀವು ಕೇಳದಿದ್ದರೂ ಇನ್ನೊಂದು ಸಂಗತಿ ಹೇಳಬೇಕು. ಪಂದ್ಯ ನೋಡುವಾಗ ಬುಟ್ಟಿಯ ಮೇಲೆ 24ರಿಂದ ಇಳಿಯುತ್ತಾ ಬರುವ ಅಂಕಿಗಳನ್ನು ಗಮನಿಸಿರಬಹುದು. ಅಷ್ಟು ಸೆಕೆಂಡಿನೊಳಗೆ ಚೆಂಡನ್ನು ಬುಟ್ಟಿಯತ್ತ ಎಸೆಯಲೇಬೇಕು. ಈ ನಿಯಮದ ಹಿಂದೆ ಪಿಸ್ಟನ್ಸ್ ತಂಡದ ಕೈವಾಡವೂ ಇದೆ. 1950ರ ನವೆಂಬರ್ 22ರಂದು ಮಿನಿಯಾಪೊಲಿಸ್‌ನಲ್ಲಿ ಅವರು ಅದೇ ಲೇಕರ್ಸ್ ಎದುರು ಆಡಿದರು. ಲೇಕರ್ಸ್‌ನಲ್ಲಿ ಜಾರ್ಜ್ ಮೈಕನ್ ಎಂಬ ಆರು ಅಡಿ ಹತ್ತು ಅಂಗುಲದ ಆಟಗಾರನಿದ್ದ. ಅವನ ಕೈಗೆ ಚೆಂಡು ಸಿಕ್ಕರೆ ತಾನೇ ಅಪಾಯ? ಪಿಸ್ಟನ್ಸ್ ಆಟಗಾರರು ಚೆಂಡು ಹಿಡಿದು ಸುಮ್ಮನೆ ನಿಂತುಬಿಟ್ಟರು. ಜನ ಕೂಗಿದರು, ಬೈದರು, ಇವರು ಕದಲಲಿಲ್ಲ. ಕೊನೆಯ ಕಾಲು ಭಾಗದ ಆಟದಲ್ಲಿ ಎರಡೂ ಕಡೆ ಸೇರಿ ಬಂದದ್ದು ನಾಲ್ಕೇ ಅಂಕ. ಪಿಸ್ಟನ್ಸ್ 19–18ರಿಂದ ಗೆದ್ದರು. ಎನ್‌ಬಿಎ ಇತಿಹಾಸದಲ್ಲಿ ಅತಿ ಕಡಿಮೆ ಅಂಕಗಳ ಪಂದ್ಯ ಇಂದಿಗೂ ಇದೇ.

ಹೀಗೇ ಆದರೆ ಆಟ ನೋಡಲು ಯಾರು ಬರುತ್ತಾರೆ ಎಂಬ ಚಿಂತೆಯಿಂದ 1954ರಲ್ಲಿ ಹೊಸ ನಿಯಮ ಬಂತು. ಅದರ ಲೆಕ್ಕ ಸುಲಭ. ಪಂದ್ಯ 48 ನಿಮಿಷದ್ದು, ಅಂದರೆ 2,880 ಸೆಕೆಂಡು. ಚೆನ್ನಾಗಿ ನಡೆದ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಸಲ ಎಸೆಯುತ್ತವೆ. ಭಾಗಿಸಿದರೆ 24. ಸ್ವಾರಸ್ಯವೆಂದರೆ, 1983ರ ಡಿಸೆಂಬರ್ 13ರಂದು ಇದೇ ಪಿಸ್ಟನ್ಸ್ ಡೆನ್ವರ್ ತಂಡವನ್ನು 186–184ರಿಂದ ಸೋಲಿಸಿತು. ಅತಿ ಹೆಚ್ಚು ಅಂಕಗಳ ಎನ್‌ಬಿಎ ಪಂದ್ಯ ಅದೇ.

ಇನ್ನು ನಿಮ್ಮ ಊಹೆ ಪೂರ್ತಿ ತಪ್ಪಲ್ಲ ಎಂದೆನಲ್ಲ, ಅದು ಯಾಕೆಂದು ಹೇಳಿ ಮುಗಿಸುತ್ತೇನೆ. ಡೆಟ್ರಾಯಿಟ್‌ನ ಕಾರುಗಳಿಂದ ತಂಡಕ್ಕೆ ಹೆಸರು ಬರಲಿಲ್ಲ ನಿಜ. ಆದರೆ ಫೋರ್ಟ್ ವೇನ್‌ನ ಕಾರ್ಖಾನೆ ಪಿಸ್ಟನ್ ಮಾಡುತ್ತಿದ್ದುದು ಇಂಥ ವಾಹನಗಳಿಗಾಗಿಯೇ, ಮಾಲೀಕನಿಗೆ ಡೆಟ್ರಾಯಿಟ್‌ನ ಬಳಕೆ ಇದ್ದದ್ದೂ ಆ ವ್ಯಾಪಾರದಿಂದಲೇ. ಮುಂದಿನ ಸಲ ಅಳಿಯನ ಜೊತೆ ಈ ಮಾತು ಬಂದರೆ, ಇಷ್ಟನ್ನು ನೀವು ಧೈರ್ಯವಾಗಿ ಹೇಳಬಹುದು.